ಕಪ್ಪು ಮಾತ್ರ ಬಿದ್ದ ಹಾಳೆ

ಮೊನ್ನೆ ಮಗನ ಸೈಕಲ್ ರಿಪೇರಿಗೆ ಬಿಡಲು ಹೋಗಿದ್ದೆ. ಅಂಗಡಿಯವನು ಯಾವುದೋ ಚೈನು ಬಿಚ್ಚಿ, ತಗಡಿನ ಡಬ್ಬಿಯಲ್ಲಿ ಸೀಮೆಎಣ್ಣೆಗೆ ಅದ್ದಿಟ್ಟು, ಹಳೇ ಬನಿಯನ್ ಚೂರಿನಿಂದ ಒರೆಸುತ್ತಿದ್ದ. ಸೀಮೆಎಣ್ಣೆ, ಕಪ್ಪು ಜಿಡ್ಡು, ಹಳೇ ಬಟ್ಟೆ, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಸೈಕಲ್ಲನ್ನು ಅಲ್ಲೇ ಗೋಡೆಗೆ ಒರಗಿಸಿದೆ. ಆಮೇಲೆ ಬರ್ತೀನಿ ಅಂತ ಹೇಳಿ ಆಚೆ ಬಂದು ನಿಂತೆ. ಇಪ್ಪತ್ತು ವರ್ಷ ದಾಟಿದರೂ ಈ ವಾಸನೆ ಅಂದರೆ ನನಗೆ ಭಯ. ಕೊಳ್ಳೇಗಾಲದ ಪ್ರೆಸ್ಸಿನಲ್ಲಿ ಮೆಷಿನ್ನಿನ ರೋಲರ್ ತೊಳೆಯುವಾಗ ಬರುತ್ತಿದ್ದ ವಾಸನೆ ಅದು. ನನ್ನ ಪಾಲಿಗೆ ಅದು ೨೦೦೩ರ ಆಷಾಢದ ವಾಸನೆ.

ಆಷಾಢ ಅಂದರೆ ಹೊಸ ಮದುಮಗಳಿಗೆ ತವರು, ಪ್ರೆಸ್ಸಿನವರಿಗೆ ಉಪವಾಸ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಲಗ್ನಪತ್ರಿಕೆಯ ಕಾಗದ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ನಾನು ಯಳಂದೂರಿನವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ ಬಂದು, ನಂಜಪ್ಪಣ್ಣನ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ಬಿಲ್ ಬುಕ್ಕುಗಳನ್ನು ಸಿದ್ಧ ಮಾಡುವುದು ನನ್ನ ಕೆಲಸ. ಅದನ್ನು ಅಚ್ಚು ಹಾಕುತ್ತಿದ್ದವನು ಹನೂರಿನ ಸಿದ್ದರಾಜು. ಮೂರೇ ಜನ, ಒಂದೇ ಮೆಷಿನ್ನು. ಆ ಮೆಷಿನ್ನು ಒಂದು ಸಲಕ್ಕೆ ಒಂದೇ ಬಣ್ಣ ಹಾಕುತ್ತಿತ್ತು. ಎರಡು ಬಣ್ಣ ಬೇಕಾದರೆ ಮೊದಲನೆಯದು ಒಣಗುವವರೆಗೆ ಕಾದು, ರೋಲರ್ ತೊಳೆದು, ಅದೇ ಹಾಳೆಗಳನ್ನು ಮತ್ತೆ ಒಳಗೆ ಬಿಡಬೇಕಿತ್ತು.

ಆಷಾಢದಲ್ಲೂ ತಪ್ಪದೆ ಬರುತ್ತಿದ್ದ ಕೆಲಸ ಅಂದರೆ ಶ್ರದ್ಧಾಂಜಲಿ ಪೋಸ್ಟರು. "ಸಾವ್ಗೆ ಆಸಾಡ ಗೀಸಾಡ ಇಲ್ಲ ಕಣವ್ವ" ಅನ್ನುತ್ತಿದ್ದರು ನಂಜಪ್ಪಣ್ಣ. ಒಂದು ಫೋಟೊ, ಹೆಸರು, ಊರು, ಸುತ್ತ ಕಪ್ಪು. ಬಸ್ ಸ್ಟ್ಯಾಂಡಿನ ಗೋಡೆಗೆ, ಲೈಟು ಕಂಬಕ್ಕೆ ಅಂಟಿಸಿದರೆ ಮುಗಿಯಿತು. ಬಸ್ಸಿಳಿದವರು ಅದನ್ನು ನೋಡಿ ಮನೆಗೂ ಹೋಗದೆ ನೇರ ಮಣ್ಣಿಗೆ ಹೋಗುತ್ತಿದ್ದರು. ಅದಕ್ಕೆ ನಂಜಪ್ಪಣ್ಣ ಇಟ್ಟಿದ್ದ ಹೆಸರು ಕಪ್ಪು ಕೆಲಸ. ಕಪ್ಪು ಕೆಲಸ ಬಂದ ದಿನ ಲಗ್ನಪತ್ರಿಕೆಯ ಕಾಗದವನ್ನೆಲ್ಲ ಒಳಕೋಣೆಗೆ ಸಾಗಿಸಬೇಕು. ಅಚ್ಚು ಮುಗಿದ ಮೇಲೆ ಕೆಟ್ಟ ಹಾಳೆಗಳನ್ನು ಹಿತ್ತಲಿನಲ್ಲಿ ಸುಡಬೇಕು, ಒಂದೂ ಉಳಿಯಬಾರದು. ಮಿಕ್ಕ ಕೆಲಸಗಳ ಕೆಟ್ಟ ಹಾಳೆಗಳನ್ನು ಮಾತ್ರ ಗಿರಾಕಿಗಳ ಬಂಡಲ್ ಮೇಲೆ ಸುತ್ತಿ ಕಟ್ಟಲು ಇಟ್ಟುಕೊಳ್ಳುತ್ತಿದ್ದೆವು.

ಇಂಥ ಪ್ರೆಸ್ಸಿಗೆ ಹಿಪ್‌ಹಾಪ್ ಸಂಗೀತದ ಪತ್ರಿಕೆ ಬಂದದ್ದು ನಂಜಪ್ಪಣ್ಣನ ಅಕ್ಕನ ಮಗನಿಂದ. ಪ್ರಮೋದ ಅಂತ ಅವನ ಹೆಸರು, ಬೆಂಗಳೂರಿನ ಹುಡುಗ. ಮೊಣಕಾಲಿನವರೆಗೆ ಇಳಿಬಿದ್ದ ಅಂಗಿ ಹಾಕಿಕೊಂಡು, ಎದೆಗೆ ಬ್ಯಾಗು ಅಪ್ಪಿಕೊಂಡು ಜ್ಯೇಷ್ಠದ ಕೊನೆಯಲ್ಲಿ ಬಂದ. ಪತ್ರಿಕೆಯ ಹೆಸರು 'ಬೀದಿತಾಳ'. ಒಳಪುಟಗಳನ್ನು ಅವನೇ ಬೆಂಗಳೂರಿನಲ್ಲಿ ಜೋಡಿಸಿ ತರುತ್ತಾನೆ. ಮುಖಪುಟ, ಪರಿವಿಡಿಯ ಪುಟ ಮಾತ್ರ ಇಲ್ಲಿ ಆಗಬೇಕು. ಮಾವನ ಪ್ರೆಸ್ಸು ಖಾಲಿ ಇದೆ, ಮಾವ ಇಲ್ಲ ಅನ್ನಲಾರರು, ಇದೇ ಅವನ ಲೆಕ್ಕಾಚಾರ. ನಂಜಪ್ಪಣ್ಣ ಅವನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಪ್ಪುಂದಾ?" ಅಂತ ಕೇಳಿದರು.

ಅವನು ತಂದಿದ್ದ ಪರದೇಶದ ಪತ್ರಿಕೆಗಳನ್ನು ಒಂದೊಂದಾಗಿ ತಿರುವಿ ಹಾಕಿದೆ. ಅಲ್ಲಿ ಗಣಪತಿ ಇಲ್ಲ, ಬಳ್ಳಿ ಇಲ್ಲ, ಮೂಲೆಗೆ ಹೂವಿಲ್ಲ. ಇಡೀ ಪುಟಕ್ಕೆ ಒಂದು ಮುಖ, ಮಿಕ್ಕಿದ್ದೆಲ್ಲ ಖಾಲಿ. ಇಷ್ಟು ಜಾಗ ಬಿಡುವುದಕ್ಕೆ ಎಷ್ಟು ಧೈರ್ಯ ಬೇಕು ಅಂದುಕೊಂಡೆ. ನಮ್ಮ ಕಡೆ ಒಂದಿಂಚು ಜಾಗ ಬಿಟ್ಟರೂ ಗಿರಾಕಿ ಬಂದು, "ಇಲ್ಲಿ ನಮ್ಮ ಷಡ್ಕನ ಹೆಸ್ರು ಹಾಕ್ಬೋದಿತ್ತಲ್ಲ" ಅನ್ನುತ್ತಾನೆ. 'ಮುಖಪುಟ ಮತ್ತು ಪರಿವಿಡಿಯ ವಿನ್ಯಾಸ: ಗೌರಿ' ಅಂತ ನನ್ನ ಹೆಸರೂ ಒಳಗೆ ಅಚ್ಚಾಗುತ್ತದೆ ಎಂದ ಪ್ರಮೋದ. ಸಾವಿರಾರು ಜನರ ಹೆಸರು ಕೂರಿಸಿದ್ದ ನನಗೆ ನನ್ನ ಹೆಸರು ಅಚ್ಚಿನಲ್ಲಿ ನೋಡುವ ಆಸೆ ಹುಟ್ಟಿತು, ಅದು ನಿಜ.

ಮೊದಲ ಸಂಚಿಕೆಯ ಪರಿವಿಡಿಯಲ್ಲೇ ಜಗಳವಾಯಿತು. ಹಾಡುವ ಹುಡುಗರ ವಯಸ್ಸು ಕೇಳಿಕೊಂಡು ಹಿರಿಯನನ್ನು ಮೇಲೆ, ಕಿರಿಯನನ್ನು ಕೆಳಗೆ ಕೂರಿಸಿದ್ದೆ. ಪುಟಸಂಖ್ಯೆ ಮಾತ್ರ ಹಿಂದುಮುಂದಾಗಿ ನಿಂತಿತ್ತು.

"ಗೌರಿ, ಪರಿವಿಡಿ ಅಂದ್ರೆ ಪುಟದ ಪ್ರಕಾರ ಅಲ್ವಾ ಇರ್ಬೇಕು?"

"ಹಿರಿಯರನ್ನ ಕೆಳಗೆ ಹಾಕಿದ್ರೆ ಅವ್ರ ಮನೆಯೋರು ಸುಮ್ನಿರ್ತಾರಾ?" ಅಂದೆ.

ಪ್ರಮೋದ ನನ್ನನ್ನೇ ನೋಡಿದ. ಆಮೇಲೆ ತಲೆ ಕೆರೆದುಕೊಂಡ. ಹಿಪ್‌ಹಾಪ್‌ನಲ್ಲೂ ಯಾರ ಹೆಸರು ಮೊದಲು ಅಂತ ಹೊಡೆದಾಟಗಳೇ ಆಗುತ್ತವಂತೆ. ಪುಟವನ್ನು ಹಾಗೇ ಬಿಟ್ಟ. ನಾಲ್ಕು ದಿನ ಬಿಟ್ಟು ಫೋನು ಮಾಡಿ, ಎಲ್ಲರಿಗೂ ಪರಿವಿಡಿ ಬಹಳ ಹಿಡಿಸಿತು, ಬೇಕೆಂದೇ ಹಾಗೆ ಮಾಡಿದ್ದು ಅಂತ ತಿಳಿದಿದ್ದಾರೆ ಅಂದ. ಅದನ್ನು ಕೇಳಿ ನನಗೆ ಕೊಂಬು ಬಂತು.

ಎರಡನೇ ಸಂಚಿಕೆಯ ಮುಖಪುಟಕ್ಕೆ ಪ್ರಮೋದ ತಂದದ್ದು ನಮ್ಮ ಕಡೆಯ ಹುಡುಗನ ಫೋಟೊ. ಮಾದೇಶ, ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯ ಕೌದಳ್ಳಿಯವನು. ಬೆಂಗಳೂರಿನಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರ ಹತ್ತಿರ ಪೆಟ್ಟಿಗೆ ಹೊರುವ ಕೆಲಸ. ಮೈಕು ಪರೀಕ್ಷೆ ಮಾಡುವ ನೆಪದಲ್ಲಿ ಹಾಡಲು ಶುರುಮಾಡಿದವನಂತೆ. ಪ್ರಮೋದ ಒಂದು ಕ್ಯಾಸೆಟ್ ಹಾಕಿ ಕೇಳಿಸಿದ. ಕಂಡಕ್ಟರು, ಚೆಕ್‌ಪೋಸ್ಟು, ಲಾರಿ ಕ್ಲೀನರು ಎಲ್ಲರೂ ಅದರೊಳಗೆ ಬಂದು ಹೋಗುತ್ತಿದ್ದರು, ಉಸಿರು ತೆಗೆದುಕೊಳ್ಳಲೂ ಬಿಡದ ವೇಗದಲ್ಲಿ, ಶುದ್ಧ ಕೌದಳ್ಳಿ ಮಾತಿನಲ್ಲಿ. ಮೊದಲ ಸಂಚಿಕೆಯ ಹಾಡುಗಾರರು ಏನನ್ನುತ್ತಾರೋ ನನಗೆ ತಿಳಿದಿರಲಿಲ್ಲ. ಇವನದು ಒಂದೊಂದು ಮಾತೂ ತಿಳಿಯಿತು. ಸಿದ್ದರಾಜು ಮೆಷಿನ್ ನಿಲ್ಲಿಸಿ ಬಂದು, "ನಮ್ಮೋನಾ ಇವ? ಇನ್ನೊಂದ್ ಕಿತ ಹಾಕಿ ಸಾ" ಅಂದ.

ಫೋಟೊ ಕಪ್ಪು ಬಿಳುಪು. ಹುಡುಗ ನಗದೆ ನೇರ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದ್ದ. ಅದನ್ನು ನಡುವೆ ಇಟ್ಟು ಸುತ್ತಲೂ ಅಗಲವಾಗಿ ಕಪ್ಪು ಕೊಟ್ಟೆ. ಕೆಳಗೆ ಕಪ್ಪಿನೊಳಗೆ ಬಿಳಿ ಅಕ್ಷರದಲ್ಲಿ ಮಾದೇಶ, ಅದರ ಕೆಳಗೆ ಚಿಕ್ಕದಾಗಿ ಕೌದಳ್ಳಿ. ಅವನ ಕೆನ್ನೆಯ ಮೇಲಿದ್ದ ಒಂದು ಮೊಡವೆ ಅಳಿಸಿದೆ, ಕಣ್ಣಿಗೆ ಚೂರು ಬೆಳಕು ಹೆಚ್ಚಿಸಿದೆ. ಅಷ್ಟು ಚೆನ್ನಾದ ಪುಟ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಪ್ರಮೋದನಂತೂ ಕುರ್ಚಿಯಿಂದ ಎದ್ದೇಬಿಟ್ಟ.

ನಂಜಪ್ಪಣ್ಣ ಕನ್ನಡಕ ಏರಿಸಿ ನೋಡಿದರು. ಅವರ ಮುಖ ಗಂಟಿಕ್ಕಿತು.

"ಬದುಕಿರೋನ ಸುತ್ತ ಕಪ್ಪು ಕಟ್ತೀರಾ? ನನ್ನ ಮೆಸಿನ್ನಲ್ಲಿ ಇದ ಓಡ್ಸಕಿಲ್ಲ."

"ಮಾವ, ಅಮೆರಿಕದಲ್ಲಿ ಎಲ್ಲಾ ಹೀಗೇ ಮಾಡೋದು."

"ಅಮೆರಿಕದೋರು ಅಲ್ಲೇ ಪ್ರಿಂಟ್ ಮಾಡ್ಕಳ್ಲಿ."

ಮಾವ ಅಳಿಯನ ನಡುವೆ ಸಿಕ್ಕಿಕೊಂಡವಳು ನಾನು. ಕೊನೆಗೆ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ದಾರಿ ಹುಡುಕಿದೆ. ಪತ್ರಿಕೆಯ ಹೆಸರನ್ನು ದೊಡ್ಡದಾಗಿ ಕೆಂಪಿನಲ್ಲಿ ಮಾಡಿ ಹುಡುಗನ ಹಣೆಗೆ ಅಡ್ಡಲಾಗಿ ಹಾಕಿದೆ, ಕಪ್ಪಿನ ಒಳ ಅಂಚಿಗೂ ಕೆಂಪು ಗೆರೆ ಎಳೆದೆ. ಒಳಗೆ ಏನೇನಿದೆ ಅನ್ನುವ ಸಾಲುಗಳೂ ಕೆಂಪಾದವು. ನಂಜಪ್ಪಣ್ಣ ಬಹಳ ಹೊತ್ತು ನೋಡಿ, "ಕೆಂಪು ಬಿದ್ಮೇಲೆ ಅದು ಕಪ್ ಕೆಲ್ಸ ಅಲ್ಲ, ಓಡ್ಸು" ಅಂತ ಸಿದ್ದರಾಜುವಿಗೆ ಹೇಳಿದರು.

ಕಪ್ಪು ಕೆಲಸ ಅಲ್ಲ ಅಂದ ಮೇಲೆ ಸುಡುವ ನಿಯಮವೂ ಅದಕ್ಕೆ ಇಲ್ಲ. ಇದನ್ನು ನಮ್ಮ ಮೂವರಲ್ಲಿ ಯಾರೂ ಯೋಚಿಸಲಿಲ್ಲ. ಮಂಗಳವಾರ ಸಿದ್ದರಾಜು ಕಪ್ಪು ಓಡಿಸಿದ. ಮೊದಮೊದಲು ಮಸಿ ಸರಿಯಾಗಿ ಕೂರದ ಹಾಳೆಗಳನ್ನು ಪಕ್ಕಕ್ಕೆ ಎಸೆದ. ಮಾರನೇ ದಿನ ಕೆಂಪು ಹಾಕಬೇಕಿತ್ತು, ಆದರೆ ಆಷಾಢದ ಗಾಳಿಗೆ ಎಲ್ಲೋ ಕಂಬ ಬಿದ್ದು ದಿನವೆಲ್ಲ ಕರೆಂಟಿಲ್ಲ. ಕೂತು ಕೂತು ಬೇಜಾರಾದ ಸಿದ್ದರಾಜು ಬಾಕಿಯಿದ್ದ ಬಂಡಲ್‌ಗಳನ್ನು ಕಟ್ಟಿದ. ಅದರಲ್ಲಿ ಕೌದಳ್ಳಿಯ ದಿನಸಿ ಅಂಗಡಿಯ ಶೆಟ್ಟರ ಬಿಲ್ ಬುಕ್ಕುಗಳ ಬಂಡಲ್ಲೂ ಒಂದು. ಕೈಗೆ ಸಿಕ್ಕ ಕೆಟ್ಟ ಹಾಳೆ ಸುತ್ತಿ, ಟ್ವೈನು ಬಿಗಿದು, ಸಂಜೆಯ ಬೆಟ್ಟದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದ.

ಗುರುವಾರ ಕರೆಂಟು ಬಂತು. ಕೆಂಪು ಓಡಲು ಶುರುವಾಯಿತು. ಒಂದೊಂದು ಹಾಳೆ ಹೊರಬಿದ್ದಂತೆ ನಾನು ಎತ್ತಿ ನೋಡಿ ಹಿಗ್ಗುತ್ತಿದ್ದೆ. ಆಗ ಬಾಗಿಲಲ್ಲಿ ಒಬ್ಬರು ನಿಂತರು. ಪಂಚೆ, ಹೆಗಲಿಗೆ ಟವೆಲು, ಐವತ್ತರ ಆಸುಪಾಸು. ಚಪ್ಪಲಿ ಆಚೆ ಬಿಟ್ಟು ಒಳಗೆ ಬಂದು, ಅಂಗಿಯೊಳಗಿಂದ ಮಡಿಚಿದ ಹಾಳೆ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದರು. ಕಪ್ಪು ಮಾತ್ರ ಬಿದ್ದಿದ್ದ ಹಾಳೆ. ಕೆಂಪಿಲ್ಲ, ಪತ್ರಿಕೆಯ ಹೆಸರಿಲ್ಲ. ಒಂದು ಮುಖ, ಮಾದೇಶ, ಕೌದಳ್ಳಿ, ಸುತ್ತ ಕಪ್ಪು.

"ಇದ ಯಾರ್ ಮಾಡ್ಸುದ್ರವ್ವ?" ಬಹಳ ಮೆತ್ತಗೆ ಕೇಳಿದರು. "ಕೌದಳ್ಳಿ ಸೆಟ್ರು ಕೊಟ್ರು. ನಾ ಕೆಂಪಣ್ಣ ಅಂತ. ಈ ಐದ ಮಾದೇಸನ್ಗೆ ಸೋದರ್ಮಾವ ಆಗ್ಬೇಕು. ಎಣ ಎಲ್ಲಿಟ್ಟವ್ರೆ ಅಂತ ಏಳ್ಬುಡವ್ವ, ತಕಂಡ್ ಓಯ್ತೀವಿ."

ಹುಡುಗನ ಹೆಣ ಕೇಳಿಕೊಂಡು ಬಂದಿದ್ದರು. ಸಿದ್ದರಾಜು ಅವರ ಮಾತು ಕೇಳಿ ಮೆಷಿನ್ ಆರಿಸಿದ. ನಾನು ಗಡಬಡಿಸಿ ಎದ್ದು, ಅಯ್ಯೋ ಅವನಿಗೆ ಏನೂ ಆಗಿಲ್ಲ, ಇದು ಪುಸ್ತಕದ ಮುಖಪುಟ, ಅವನು ಬದುಕಿದ್ದಾನೆ ಅಂದೆ. ಕೆಂಪು ಬಿದ್ದ ಹಾಳೆಯನ್ನು ತಂದು ಅವರ ಮುಂದೆ ಹಿಡಿದೆ. ಅವರು ಎರಡೂ ಹಾಳೆಗಳನ್ನು ಬದಿಬದಿಗೆ ಇಟ್ಟು ನೋಡಿದರು.

"ಕೆಂಪು ಬಳುದ್ರೆ ಬದುಕ್ಬುಟ್ಟಾನಾ ಕೂಸು?" ಅಂದರು. "ಬದುಕವ್ನೆ ಅಂತ್ಲೇ ಅಲ್ವಾ ಎಲ್ರೂ ಏಳೋದು. ಇವ್ರಪ್ಪ ಟ್ಯಾಕ್ಟ್ರಿಂದ ಬಿದ್ದು ಸತ್ತೋದಾಗ ನಾನೇ ಅಕ್ಕುನ್ಗೆ, ಬಾವ ಬದುಕವ್ನೆ, ಆಸ್ಪತ್ರೇಲವ್ನೆ ಅಂತ ಏಳಿ ಕರ್ಕಂಡ್ ಓಗಿದ್ದು. ಆವತ್ತಿಂದ ಅಕ್ಕ ಆ ಮಾತ್ನ ನಂಬಕಿಲ್ಲ. ನಾನೂ ನಂಬಕಿಲ್ಲ."

ಆಗ ನನಗೆ ತಿಳಿಯಿತು, ನಾವು ಸಿಕ್ಕಿಬಿದ್ದದ್ದು ಎಂಥದ್ದರಲ್ಲಿ ಅಂತ. ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಮೈಗೆ ಹುಷಾರಿಲ್ಲ ಅಂತಾರೆ, ಸೀರಿಯಸ್ಸು ಅಂತಾರೆ, ಬದುಕಿದ್ದಾನೆ ಬಾ ಅಂತಾರೆ. ನಾನು ಎಷ್ಟು ಗಟ್ಟಿಯಾಗಿ ಅವನು ಬದುಕಿದ್ದಾನೆ ಅಂದರೂ ಅದು ಅವನು ಸತ್ತ ಅಂತಲೇ ಕೇಳಿಸುತ್ತದೆ. ಹುಡುಗನ ದನಿಯೇ ಬರಬೇಕಿತ್ತು, ಬೇರೆ ಯಾವುದರಿಂದಲೂ ಆಗುವ ಹಾಗಿರಲಿಲ್ಲ.

ಪ್ರಮೋದನ ಮೊಬೈಲಿಗೆ ಫೋನು ಮಾಡಿದೆ. "ಮಾದೇಶನಾ? ನಾಲ್ಕೈದು ದಿನದಿಂದ ಸಿಕ್ಕಿಲ್ಲ ಅವನು. ಯಾಕೆ?" ಅಂದ. ರೂಮಿನಲ್ಲಿ ಇಲ್ಲವಾ ಅಂದೆ. ಇಲ್ಲ, ಮೊನ್ನೆ ಹೋದಾಗ ಬೀಗ ಹಾಕಿತ್ತು, ತುಮಕೂರಿನ ಕಡೆ ಸೌಂಡ್ ಹಾಕಲು ಹೋಗಿರಬೇಕು, ಸರಿಯಾಗಿ ಗೊತ್ತಿಲ್ಲ ಅಂದ. ಹೇಗಾದರೂ ಹುಡುಕು, ಹುಡುಕಿ ಅವನ ಅಮ್ಮನಿಗೆ ಫೋನು ಮಾಡಿಸು ಅಂದೆ. ಫೋನಿಟ್ಟು ತಿರುಗಿದರೆ ಕೆಂಪಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಟವೆಲಿನಿಂದ ಕಣ್ಣೊತ್ತಿಕೊಂಡರು.

ನಂಜಪ್ಪಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೇವರ ಪಟದ ಕೆಳಗೆ ಕುಕ್ಕರಿಸಿದವರು, "ನೀ ಓಗು ಗೌರಿ" ಅಂದರು. "ನಾ ಓದ್ರೆ ಪ್ರೆಸ್ಸಿನ್ ಯಜಮಾನ್ನೇ ಬಂದ ಅಂತ ಸುದ್ದಿ ಇನ್ನೂ ಗಟ್ಟಿ ಆಯ್ತದೆ. ನಾ ಫೋನ್ ತಾವ ಇರ್ತೀನಿ." ಮಾದೇಶ ಯಾವಾಗಲೂ ಕೌದಳ್ಳಿಯ ಎಸ್‌ಟಿಡಿ ಬೂತಿಗೆ ಫೋನು ಮಾಡುತ್ತಿದ್ದನಂತೆ. ಆ ನಂಬರನ್ನು ಕೆಂಪಣ್ಣ ಬಾಯಲ್ಲೇ ಹೇಳಿದರು. ನಂಜಪ್ಪಣ್ಣ ಅದನ್ನು ಪ್ರಮೋದನಿಗೆ ಮುಟ್ಟಿಸುವುದು, ನಾನು ಕೆಂಪಣ್ಣನ ಜೊತೆ ಹೋಗುವುದು ಅಂತಾಯಿತು.

"ಅಕ್ಕುನ್ಗೆ ಇನ್ನೂ ಏಳಿಲ್ಲ" ಅಂದರು ಕೆಂಪಣ್ಣ ಬಸ್ ಸ್ಟ್ಯಾಂಡಿನಲ್ಲಿ. "ಊರ್ನೋರೆಲ್ಲ ಬಾಯ್ ಮುಚ್ಕಂಡ್ ಅವ್ರೆ. ನೀ ಬೇಕಾದ್ರೆ ಏನಾರ ಏಳು, ಬದುಕವ್ನೆ ಅಂತ ಮಾತ್ರ ಅನ್ಬ್ಯಾಡ."

ಬಸ್ಸಿನಲ್ಲಿ ಕೌದಳ್ಳಿಯವರು ಕೆಲವರಿದ್ದರು. ಕೆಂಪಣ್ಣನನ್ನು ಕಂಡದ್ದೇ ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟ. ಹನೂರಿನಲ್ಲಿ ಬಸ್ಸು ಗಂಟೆಗಟ್ಟಲೆ ನಿಂತಂತೆ ಅನ್ನಿಸಿತು. ಡ್ರೈವರು ಟೀ ಕುಡಿದು, ಎಲೆ ಅಡಿಕೆ ಹಾಕಿ, ಯಾರ ಹತ್ತಿರವೋ ಹರಟುತ್ತ ನಿಂತಿದ್ದ. ಅವನ ಕುತ್ತಿಗೆ ಹಿಚುಕುವಷ್ಟು ಸಿಟ್ಟು ಬಂತು. ಗಾಳಿ ಕೆಂಪು ಧೂಳೆಬ್ಬಿಸಿ ಕಿಟಕಿಗೆ ಎರಚುತ್ತಿತ್ತು, ಮಳೆಯ ಸುಳಿವಿಲ್ಲ. ಹಿಂದಿನ ಸೀಟಿನಿಂದ ಒಬ್ಬ ಮುದುಕ ಬಗ್ಗಿ, "ಎಷ್ಟೊತ್ಗೆ ತತ್ತಾರಂತೆ?" ಅಂತ ಪಿಸುಗುಟ್ಟಿದ. ಯಾವಾಗ ತರುತ್ತಾರೆ ಅಂದರೆ ಹೆಣವನ್ನು ಅಂತ. ಕೆಂಪಣ್ಣ ಕಿಟಕಿಯ ಕಡೆ ತಿರುಗಿ ಕೂತರು.

ಆ ದಾರಿಯುದ್ದಕ್ಕೂ ನನ್ನನ್ನು ಕೊರೆದದ್ದು ಬೇರೆಯೇ. ಅವನು ನಿಜವಾಗಿಯೂ ಎಲ್ಲಿದ್ದಾನೆ? ನಾಲ್ಕೈದು ದಿನದಿಂದ ಯಾಕೆ ಸಿಕ್ಕಿಲ್ಲ? ಕರೆಂಟಿನ ಜೊತೆ ಕೆಲಸ ಮಾಡುವವನು, ಪೆಟ್ಟಿಗೆ ಹೊತ್ತು ಲಾರಿಯ ಮೇಲೆ ಕೂತು ಓಡಾಡುವವನು. ಬದುಕಿರುವವನ ಸುತ್ತ ಕಪ್ಪು ಕಟ್ಟಬಾರದು ಅನ್ನುವ ಮಾತಿಗೆ ಮೂರ್ನಾಲ್ಕು ದಿನದ ಹಿಂದೆ ಒಳಗೊಳಗೇ ನಕ್ಕಿದ್ದವಳು ಈಗ ಬಸ್ಸಿನ ಸರಳು ಹಿಡಿದು ಮಾದಪ್ಪನಿಗೆ ಹರಕೆ ಹೊರುತ್ತಿದ್ದೆ. ಆ ಹುಡುಗನನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಆದರೆ ಅವನ ಕೆನ್ನೆಯ ಮೊಡವೆ ಎಲ್ಲಿದೆ ಅಂತ ನನಗೆ ಗೊತ್ತಿತ್ತು.

ಮಾದೇಶನ ತಾಯಿ ತಾಯಮ್ಮ ರಸ್ತೆ ಬದಿಯಲ್ಲಿ ಒಂದು ಹೋಟೆಲು ಇಟ್ಟುಕೊಂಡಿದ್ದರು. ತಗಡಿನ ಚಾವಣಿ, ಎರಡು ಬೆಂಚು, ಮುಂದೆ ಮಣ್ಣಿನ ಒಲೆ. ಬಸ್ಸಿಳಿದಾಗ ಎದುರಿನ ಬೇವಿನ ಮರದ ಕೆಳಗೆ ಇಪ್ಪತ್ತು ಮೂವತ್ತು ಜನ ಸುಮ್ಮನೆ ನಿಂತಿದ್ದರು. ಹೋಟೆಲಿನೊಳಗೆ ಒಬ್ಬರೂ ಇಲ್ಲ. ಶೆಟ್ಟರ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಊರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರೆ ತಾಯಮ್ಮ ಮಾತ್ರ ಒಲೆಯ ಮುಂದೆ ಕೂತು ಸೌದೆ ತುರುಕುತ್ತಿದ್ದರು. ಇಡ್ಲಿ ಪಾತ್ರೆಯಿಂದ ಆವಿ ಬರುತ್ತಿತ್ತು. ಪಕ್ಕದ ಅಗಲವಾದ ತಟ್ಟೆಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಇಡ್ಲಿಯ ರಾಶಿ. ಇನ್ನೊಂದು ಬುಟ್ಟಿಯಲ್ಲೂ ಇಡ್ಲಿ. ಮಧ್ಯಾಹ್ನ ಕಳೆದಿತ್ತು, ಆ ಹೊತ್ತಿನಲ್ಲಿ ಇಡ್ಲಿ ತಿನ್ನುವವರು ಯಾರೂ ಇರುವುದಿಲ್ಲ.

"ಯಾರವ್ವ ನೀನು?" ಅಂದರು ತಲೆಯೆತ್ತದೆ.

"ಕೊಳ್ಳೇಗಾಲದೋಳು ಕಣಮ್ಮ. ಗೌರಿ ಅಂತ. ಪುಸ್ತಕಕ್ಕೆ ಮುಖಪುಟ ಮಾಡ್ತೀನಿ. ನಿಮ್ಮ ಮಗನ ಫೋಟೊ..."

"ಕುಂತ್ಕೊ. ಇಡ್ಲಿ ತಿನ್ನು."

ಎಲೆಯ ಮೇಲೆ ಇಡ್ಲಿ ಹಾಕಿ ಕೊಟ್ಟರು. ಕೆಂಪಣ್ಣ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತರು. ನಾನು ಇಡ್ಲಿ ಮುರಿದು ಎಲೆಯ ಮೇಲೇ ಇಟ್ಟುಕೊಂಡೆ. ತಾಯಮ್ಮ ಬೆಂದದ್ದನ್ನು ಇಳಿಸಿ, ತಟ್ಟೆಗೆ ಬಟ್ಟೆ ಹಾಸಿ, ಮತ್ತೆ ಹಿಟ್ಟು ಹುಯ್ಯತೊಡಗಿದರು.

"ಸಾಕು ಬುಡಕ್ಕ" ಅಂದರು ಕೆಂಪಣ್ಣ. "ಯಾರ್ ತಿಂತಾರೆ ಇಷ್ಟ? ಒಲೆ ಆರ್ಸು."

ತಾಯಮ್ಮನ ಕೈ ನಿಂತಿತು. "ಆರ್ಸಕಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಬೆಳಗ್ಗೆ ಸೆಟ್ರು ಬಂಡ್ಲು ಬಿಚ್ಚುವಾಗ ನಾ ಅಲ್ಲೇ ಸಕ್ಕರೆಗೆ ನಿಂತಿದ್ದೆ ಕಣವ್ವ. ನೋಡ್ದೆ. ಅವ್ರು ಮಡುಚಿ ಗಲ್ಲಾಪೆಟ್ಗೆ ಕೆಳಕ್ ತಳ್ಳುದ್ರು. ನಾ ನೋಡ್ದೆ ಇದ್ದೋಳಂಗೆ ಸಕ್ಕರೆ ತಕಂಡ್ ಬಂದೆ. ಒಲೆ ಉರಿತಿರೋ ತಾವ್ಕೆ ಆ ಸುದ್ದಿ ಏಳಕ್ಕೆ ಯಾರೂ ಬರಕಿಲ್ಲ. ಅದ್ಕೇ ಉರಿಸ್ತಾ ಕುಂತಿವ್ನಿ."

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೆಳಗಿನಿಂದ ಆಕೆಯಿಂದ ಮುಚ್ಚಿಡುತ್ತಿದ್ದೇವೆ ಅಂತ ಇಡೀ ಊರು ಅಂದುಕೊಂಡಿತ್ತು. ಆಕೆಯೇ ಊರಿನಿಂದ ಮುಚ್ಚಿಟ್ಟು ಇಡ್ಲಿ ಬೇಯಿಸುತ್ತ ಕೂತಿದ್ದರು. ನಾನು ಎಲೆ ಕೆಳಗಿಟ್ಟು ಅತ್ತುಬಿಟ್ಟೆ. ಹಾಗೆ ಅತ್ತದ್ದು ದೊಡ್ಡ ತಪ್ಪಾಯಿತು. ನಾನು ಅತ್ತದ್ದನ್ನು ನೋಡಿ ಮರದ ಕೆಳಗಿದ್ದ ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ತಾಯಮ್ಮ ಹಿಟ್ಟಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಒಲೆಗೆ ಇನ್ನೆರಡು ಸೌದೆ ತುರುಕಿದರು. ಹೇಳಬಾರದ ಆ ಒಂದು ಮಾತು ಬಿಟ್ಟರೆ ನನ್ನ ಹತ್ತಿರ ಬೇರೆ ಮಾತೂ ಇರಲಿಲ್ಲ.

ಅದಾದ ಮೇಲೆ ಎಷ್ಟು ಹೊತ್ತು ಹೋಯಿತೋ ಗೊತ್ತಿಲ್ಲ. ಇನ್ನೆರಡು ಸಲ ಇಡ್ಲಿ ಬೆಂದವು. ಸೌದೆ ಮುಗಿಯುತ್ತ ಬಂತು. ಕೆಂಪಣ್ಣ ಹೋಗಿ ಎಲ್ಲಿಂದಲೋ ಒಂದು ಹೊರೆ ತಂದು ಅಕ್ಕನ ಪಕ್ಕ ಹಾಕಿದರು. ಬೀದಿ ದೀಪ ಹತ್ತುವ ಹೊತ್ತಿಗೆ ಎಸ್‌ಟಿಡಿ ಬೂತಿನವನು ಬಾಗಿಲಿಗೆ ಬಂದು ನಿಂತು, "ತಾಯಕ್ಕ, ಫೋನು" ಅಂತ ಕೂಗಿದ. ಯಾರದ್ದು ಅಂತ ಹೇಳಲಿಲ್ಲ.

ಮರದ ಕೆಳಗಿದ್ದವರೆಲ್ಲ ದಾರಿ ಬಿಟ್ಟರು. ತಾಯಮ್ಮ ಓಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ರಸ್ತೆ ದಾಟಿದರು. ನಾನೂ ಕೆಂಪಣ್ಣನೂ ಹಿಂದೆ ಹೋದೆವು. ತಾಯಮ್ಮ ರಿಸೀವರ್ ಕಿವಿಗಿಟ್ಟುಕೊಂಡರು. ಆ ಕಡೆಯಿಂದ ಗುಯ್‌ಗುಟ್ಟುವ ದನಿ ನನಗೂ ಕೇಳಿಸುತ್ತಿತ್ತು, ಆದರೆ ಪ್ರಮೋದನದೋ ಮಾದೇಶನದೋ ತಿಳಿಯಲಿಲ್ಲ. ಬೂತಿನ ಗಾಜಿಗೆ ಒತ್ತಿಕೊಂಡು ನಿಂತಿದ್ದ ಜನರಲ್ಲಿ ಒಬ್ಬರೂ ಅಲುಗಲಿಲ್ಲ.

"ಊಂ" ಅಂದರು ತಾಯಮ್ಮ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಊಂ." ಆಮೇಲೆ, "ಉಂಡಾ ಮಗ?"

ಕೆಂಪಣ್ಣ ಬೆಟ್ಟದ ದಿಕ್ಕಿಗೆ ತಿರುಗಿ ಕೈ ಮುಗಿದರು.

"ಏನ್ ಉಂಡೆ? ... ಅಲ್ಲಿ ಮಳೆನಾ? ... ಇಲ್ಲ ಕಣಪ್ಪ, ಏನೂ ಇಲ್ಲ. ಯಾರೋ ಸುಮ್ನೆ ಏಳವ್ರೆ. ನಿನ್ ದನಿ ಕೇಳಿ ಬಾಳ ದಿನ ಆಗಿತ್ತು, ಅದ್ಕೆ. ... ಊಂ. ಮಲೀಕೊ ಓಗು."

ತುಮಕೂರಿನ ಹತ್ತಿರ ಯಾವುದೋ ಶಾಮಿಯಾನದ ಹಿಂದೆ ಜ್ವರ ಬಂದು ಮೂರು ದಿನ ಮಲಗಿದ್ದನಂತೆ ಹುಡುಗ. ಪ್ರಮೋದ ಸೌಂಡಿನವರ ಮನೆ ಮನೆ ಅಲೆದು ಹುಡುಕಿ, ಅಮ್ಮನಿಗೆ ಫೋನು ಮಾಡು ಅಂತಷ್ಟೇ ಹೇಳಿದ್ದ. ತಾನು ಒಂದು ಹಗಲು ಸತ್ತಿದ್ದೆ ಅಂತ ಅವನಿಗೆ ಎಷ್ಟೋ ದಿನ ಗೊತ್ತಿರಲಿಲ್ಲ. ಆ ಮುಖಪುಟ ಹೊರಗೆ ಬರಲಿಲ್ಲ. ನಂಜಪ್ಪಣ್ಣ ಕೆಂಪು ಬಿದ್ದದ್ದು, ಬೀಳದ್ದು ಅಷ್ಟನ್ನೂ ಹಿತ್ತಲಲ್ಲಿ ಸುಡಿಸಿದರು. ಬದಲಿಗೆ ಯಾವುದೋ ಮೈಕಿನ ಚಿತ್ರ ಹಾಕಿ ಹಳದಿ ಬಣ್ಣದಲ್ಲಿ ಒಂದು ಮಾಡಿಕೊಟ್ಟೆ. ಅದರ ಪರಿವಿಡಿಯಲ್ಲಿ ಮಾದೇಶನ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿದೆ. ಪ್ರಮೋದ ಅದನ್ನು ಹಾಗೇ ಬಿಟ್ಟ. ಶ್ರಾವಣ ಬಂತು, ಲಗ್ನಪತ್ರಿಕೆಗಳು ಬಂದವು, ಬೀದಿತಾಳ ಮತ್ತೆ ಬರಲಿಲ್ಲ. ತಪ್ಪು ಯಾರದ್ದು ಅಂತ ನಾವು ಮೂವರೂ ಬಹಳ ದಿನ ಒಬ್ಬರ ಮೇಲೊಬ್ಬರು ಹಾಕಿಕೊಂಡೆವು, ಅದರಿಂದ ಯಾರಿಗೂ ನಿದ್ದೆ ಬರಲಿಲ್ಲ.

ಆದರೆ ಆ ಸಂಜೆ ಇನ್ನೂ ಮುಗಿದಿರಲಿಲ್ಲ. ಫೋನಿಟ್ಟು ಬೂತಿನಿಂದ ಆಚೆ ಬಂದ ತಾಯಮ್ಮ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಆಗ ಅತ್ತರು. ಎದೆ ಬಡಿದುಕೊಂಡು, ಮಗನ ಹೆಸರು ಹಿಡಿದು, ಹೆಣದ ಮುಂದೆ ಅಳುವಂತೆಯೇ ಅತ್ತರು. ಊರಿನ ಹೆಂಗಸರು ಸುತ್ತ ಕೂತು ತಾವೂ ಅತ್ತರು. ಯಾರೂ ಸಮಾಧಾನ ಮಾಡಲಿಲ್ಲ. ಅಳು ಮುಗಿದ ಮೇಲೆ ಕೆಂಪಣ್ಣ ಅಕ್ಕನ ಪಕ್ಕ ಕೂತು, "ತಲೆ ಮ್ಯಾಲೆ ಕಾಗೆ ಕುಂತ್ರೆ ದೋಸ ಕಳೀಲಿ ಅಂತ ನಾವೇ, ಸತ್ತೋದ್ರು ಅಂತ ಸುಳ್ ಸುದ್ದಿ ಕಳ್ಸಿ ನೆಂಟ್ರ ಅಳುಸಕಿಲ್ವಾ ಅಕ್ಕ? ಇದೂ ಅಂಗೇ ಅನ್ಕೊ. ಸತ್ತ ಸುದ್ದಿ ಬಂದೋನ ಆಯಸ್ಸು ಎಚ್ತದೆ ಅಂತಾರೆ" ಅಂದರು. ಸುತ್ತ ಇದ್ದವರು ಹೌದು ಹೌದು ಅಂದರು. ನನಗೂ ಆ ಮಾತು ಹಿಡಿದುಕೊಳ್ಳಲು ಒಂದು ಆಸರೆ ಅನ್ನಿಸಿತು. ನಾನೂ ಹೌದು ಅಂದೆ.

ತಾಯಮ್ಮ ಮೂಗು ಒರೆಸಿಕೊಂಡು ಎದ್ದು, ರಸ್ತೆ ದಾಟಿ ಹೋಗಿ, ಉರಿಯುತ್ತಿದ್ದ ಸೌದೆಗಳನ್ನು ಒಲೆಯಿಂದ ಒಂದೊಂದಾಗಿ ಈಚೆಗೆಳೆದು ನೀರು ಚಿಮುಕಿಸಿದರು. ಹೊಗೆಯ ನಡುವೆ ನಿಂತು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

"ಅವನ ಆಯಸ್ಸು ಎಚ್ತು ಕಣವ್ವ" ಅಂದರು. "ನನ್ದು ಇವತ್ತು ಕಮ್ಮಿ ಆಯ್ತು."

ಕೊಳ್ಳೇಗಾಲದ ಬಸ್ಸು ಬಂದಾಗ, ಬುಟ್ಟಿಯಲ್ಲಿದ್ದ ಇಡ್ಲಿಯನ್ನೆಲ್ಲ ಎಲೆಯಲ್ಲಿ ಕಟ್ಟಿ ನನ್ನ ಮಡಿಲಿಗೆ ಹಾಕಿದರು.